ಮೀನಿನ ಊಟದ ಡಾಕ್ಟರು

ನನ್ನ ಕೆಲಸ ಏನೆಂದು ಒಂದೇ ಸಲಕ್ಕೆ ಅರ್ಥ ಮಾಡಿಕೊಂಡವರನ್ನು ನಾನಿನ್ನೂ ಕಂಡಿಲ್ಲ. ಹಾಗಾಗಿ ಇಂಥವು ಆಗುತ್ತಲೇ ಇರುತ್ತವೆ. ಸಾಕುವ ಮೀನಿನ ಆಹಾರಕ್ಕೆ ಒಣಮೀನಿನ ಪುಡಿ ಬೆರೆಸುವುದು ರೂಢಿ. ಅದರ ಬದಲು ಹಿಂಡಿಯನ್ನೋ ಹುಳುವಿನ ಪುಡಿಯನ್ನೋ ಹಾಕಿದರೆ ಮೀನು ಬೆಳೆಯುತ್ತದೆಯೇ ಎಂದು ಚೆನ್ನೈನ ಒಂದು ಪ್ರಯೋಗಾಲಯದಲ್ಲಿ ನೋಡುವುದು ನನ್ನ ಕೆಲಸ. ನಮ್ಮದೋ, ಈರುಳ್ಳಿ ಹೆಚ್ಚುವ ಮೊದಲು ಪಂಚಾಂಗ ನೋಡುವ ಮನೆ.

೧. ಹಸು ಎಷ್ಟು?

ಎಳ್ಳಿನ ಹಿಂಡಿಗೆಂದು ಸೌಕಾರ್‌ಪೇಟೆಯ ಸಗಟು ಅಂಗಡಿಗೆ ಹೋದೆ. ಸೇಟು ಹಸು ಎಷ್ಟಿವೆ ಎಂದರು. ಹಸು ಇಲ್ಲ, ಮೀನಿಗೆ ಬೇಕು ಎಂದೆ. ಸರಿ, ಮೀನು ಎಷ್ಟಿವೆ ಎಂದರು. ಆರುನೂರು ಎಂದೆ. ಹಾಗಾದರೆ ಹತ್ತು ಮೂಟೆ ಬರೆದುಕೊಳ್ಳಲೇ ಎಂದು ಪೆನ್ನು ತೆಗೆದರು. ಬೇಡ, ಒಂದೇ ಕಿಲೋ ಸಾಕು, ಮೀನು ಹೆಬ್ಬೆರಳಿನಷ್ಟೇ ಇವೆ ಎಂದೆ.

ಸೇಟು ಪೆನ್ನು ಮುಚ್ಚಿ, ಪೊಟ್ಟಣ ಕಟ್ಟಿಕೊಟ್ಟು, ಮೆಲ್ಲಗೆ ಹೇಳಿದರು: "ಮುಂದಿನ ಸಲ ಮನೆಯಿಂದ ಯಾರಾದರೂ ದೊಡ್ಡವರನ್ನ ಕಳಿಸಮ್ಮ."

೨. ಪಾಪದ ಮೀನು

ಮೂರು ತೊಟ್ಟಿಗೆ ಮೂರು ಬಗೆಯ ಆಹಾರ. ಯಾವುದರಲ್ಲಿ ಏನಿದೆ ಎಂದು ಊಟ ಹಾಕುವವರಿಗೆ ಗೊತ್ತಾಗದಂತೆ ಡಬ್ಬಿಗಳ ಮೇಲೆ ಎ, ಬಿ, ಸಿ ಎಂದಷ್ಟೇ ಬರೆದಿದ್ದೆ. ರೂಢಿಯ ಒಣಮೀನಿನ ಪುಡಿ ಇದ್ದದ್ದು ಎ ಡಬ್ಬಿಯಲ್ಲಿ, ಹುಳುವಿನ ಪುಡಿ ಸಿ ಡಬ್ಬಿಯಲ್ಲಿ. ಮೊದಲ ತಿಂಗಳು ಆ ತೊಟ್ಟಿಯ ಮೀನು ಸೊರಗಿದವು. ಎರಡನೇ ತಿಂಗಳು ತೂಗಿದರೆ ಎಲ್ಲಕ್ಕಿಂತ ದಪ್ಪ ಅವೇ. ನನಗೆ ಏನೂ ತಿಳಿಯದೆ ಮೂರು ಸಲ ತೂಗಿದೆ, ತಕ್ಕಡಿ ಬದಲಾಯಿಸಿದೆ, ಕೊನೆಗೆ ಹುಳುವನ್ನು ಹೊಗಳಿ ವರದಿಯನ್ನೂ ಬರೆದೆ.

ಅದನ್ನು ಮೇಲಧಿಕಾರಿಗೆ ಕಳಿಸುವ ದಿನ, ಮೀನಿಗೆ ಊಟ ಹಾಕುವ ತಾತ ಸಂಗತಿ ಬಿಚ್ಚಿದರು. ಸಿ ತೊಟ್ಟಿಯವು ಬಡಕಲಾಗಿದ್ದವಂತೆ, ನೋಡಲಾರದೆ ದಿನವೂ ಎ ಡಬ್ಬಿಯಿಂದ ಎರಡು ಹಿಡಿ ಹೆಚ್ಚಿಗೆ ಹಾಕಿದ್ದರಂತೆ. ಎರಡು ತಿಂಗಳ ಕೆಲಸ ನೀರುಪಾಲು. ನಾನು ತಲೆಯ ಮೇಲೆ ಕೈ ಹೊತ್ತು ಕೂತರೆ ತಾತನಿಗೆ ನನ್ನ ಮೇಲೇ ಬೇಸರ. "ಹೊಟ್ಟೆಗೆ ಹಾಕೋದರಲ್ಲೂ ನೀವೇ ಹೀಗೆ ಭೇದ ಮಾಡಿದರೆ ಹೇಗಮ್ಮ?"

೩. ಹೆಣ್ಣು ನೋಡಲು ಬಂದವರು

ಈ ಮಾತು ತೆಗೆದರೆ ಅಪ್ಪ ಈಗಲೂ ಎದ್ದು ಬಾಲ್ಕನಿಗೆ ಹೋಗುತ್ತಾರೆ. ವೇಲಚೇರಿಯ ನಮ್ಮ ಮನೆಗೆ ಪೋರೂರಿನಿಂದ ಗಂಡಿನವರು ಬಂದಿದ್ದರು. ಅಪ್ಪ ಹೆಮ್ಮೆಯಿಂದ, ಮಗಳು ಡಾಕ್ಟರು ಎಂದರು; ನನ್ನ ಪಿಎಚ್‌.ಡಿ. ಅವರ ಲೆಕ್ಕದಲ್ಲಿ ಅಷ್ಟಕ್ಕೆ ಸಾಕು. ಹುಡುಗನ ತಂದೆ ತಕ್ಷಣ ಪಂಚೆ ಸರಿಸಿ ಮೊಣಕಾಲು ನೋವಿನ ಕಥೆ ಶುರುಮಾಡಿದರು. ನಾನು ಗಲಿಬಿಲಿಯಲ್ಲಿ ಮೊಣಕಾಲನ್ನೇ ನೋಡುತ್ತ ಕೂತಿದ್ದಾಗ ಪ್ರಯೋಗಾಲಯದಿಂದ ತಾತನ ಫೋನು ಬಂತು.

"ಎಷ್ಟು ಸಾವು? ನಾಲ್ಕೇನಾ? ಹೋದ ವಾರ ಏಳಾಗಿತ್ತಲ್ಲ, ಪರವಾಗಿಲ್ಲ ಬಿಡಿ. ತೂಕ ಹಾಕಿ ಫ್ರಿಜ್ಜಿನಲ್ಲಿಡಿ. ನಾಳೆ ನಾನೇ ಬಂದು ಕುಯ್ದು ನೋಡ್ತೀನಿ."

ಫೋನು ಇಟ್ಟು ನೋಡಿದರೆ ಮೊಣಕಾಲು ಪಂಚೆಯೊಳಗೆ ಹೋಗಿತ್ತು. ಹುಡುಗ ಬಾಗಿಲ ಕಡೆ ನೋಡುತ್ತಿದ್ದ. ಸತ್ತದ್ದು ಮನುಷ್ಯರಲ್ಲ, ಮೀನು ಎಂದು ನಾನು ಅವಸರವಾಗಿ ಬಿಡಿಸಿ ಹೇಳಿದೆ. ಹುಡುಗನ ತಾಯಿ ಎದೆಯ ಮೇಲೆ ಕೈಯಿಟ್ಟು, ದೇವರು ದೊಡ್ಡವನು ಎಂದು ನಕ್ಕು, ಕಾಫಿ ಲೋಟ ಎತ್ತಿ ಒಂದು ಗುಟುಕು ಕುಡಿದರು. ಆಮೇಲೆ ಅವರ ನಗು ನಿಧಾನವಾಗಿ ಇಳಿಯಿತು. ಲೋಟವನ್ನು ದೂರ ಹಿಡಿದು ಅಮ್ಮನನ್ನು ಕೇಳಿದರು:

"ಈ ಕಾಫಿಯ ಹಾಲು ಯಾವ ಫ್ರಿಜ್ಜಿಂದು?"