ಬೋಣಿ ದವಡೆ

2025ರ ಜನವರಿ 12, ಭಾನುವಾರ, ಬೆಳಗ್ಗೆ 6 ಗಂಟೆ 40 ನಿಮಿಷಕ್ಕೆ ಗೌರಿಬಿದನೂರಿನ ಕೆಂಪರಾಜು ಮನೆಯಂಗಳದಲ್ಲಿ ನಿಂತು ಕಬ್ಬಿನ ಜಲ್ಲೆಯೊಂದನ್ನು ಹಲ್ಲಿನಿಂದ ಸಿಗಿಯುತ್ತಿದ್ದ. ಸಂಕ್ರಾಂತಿಗೆ ಇನ್ನೂ ಎರಡು ದಿನವಿತ್ತು. ಆದರೆ ಕಬ್ಬು ಮನೆಗೆ ಬಂದ ಮೇಲೆ ಹಬ್ಬದವರೆಗೆ ಕಾಯುವುದು ಅವನ ಹಲ್ಲುಗಳ ಸ್ವಭಾವವಲ್ಲ. ನಲವತ್ತು ದಾಟಿದರೂ ಒಂದು ಹಲ್ಲೂ ನೋಯಲಿಲ್ಲ, ಒಂದು ಹುಳುಕೂ ಕಾಣಲಿಲ್ಲ. ಆ ಬಾಯಿಯ ಬಗ್ಗೆ ಅವನಿಗೆ ಸ್ವಂತ ಜಮೀನಿನಷ್ಟೇ ಹೆಮ್ಮೆ.

ಫೋನು ಬಡಿದುಕೊಂಡಿತು. ಅಕ್ಕ ಗಂಗುಲಮ್ಮ.

"ಕೆಂಪಾ, ಸ್ನಾನ ಆಯ್ತೇನೋ? ಒಂಬತ್ತೂವರೆಗೆ ಟೈಮು ಚೆನ್ನಾಗಿದೆಯಂತೆ. ತನುಜನ ಕ್ಲಿನಿಕ್ಕಿಗೆ ನೀನೇ ಬೋಣಿ ಮಾಡ್ಬೇಕು ಕಣೋ."

"ಮಾಡಣ ಬಿಡಕ್ಕ. ಏನ್ ತಗೊಳ್ಳಲಿ? ಬ್ರಷ್ಷಾ, ಪೇಸ್ಟಾ?"

"ಅದೇನು ಕಿರಾಣಿ ಅಂಗಡಿನೇನೋ? ಹಲ್ಲಿನ ಆಸ್ಪತ್ರೆ. ಬಾಯಿ ತಗೊಂಡ್ ಬಾ, ಸಾಕು."

ಕೆಂಪರಾಜು ಪದವಿಪೂರ್ವ ಕಾಲೇಜಿನ ಗುಮಾಸ್ತ. ಊರು ಮಾತ್ರ ಅವನನ್ನು ಬೇರೆ ಹುದ್ದೆಯಿಂದ ಗುರುತಿಸುತ್ತಿತ್ತು. ಅವನ ಕೈಯಿಂದ ಮೊದಲ ವ್ಯಾಪಾರವಾದ ಅಂಗಡಿ ಬಾಗಿಲು ಹಾಕುವುದಿಲ್ಲ ಎಂಬ ನಂಬಿಕೆ ಹೇಗೆ ಹುಟ್ಟಿತೋ ಅವನಿಗೂ ತಿಳಿಯದು. ಬೇಕರಿಯ ಮೊದಲ ಬನ್ನು ಅವನದು, ಮೊಬೈಲ್ ಅಂಗಡಿಯ ಮೊದಲ ಕವರು ಅವನದು, ರಕ್ತಪರೀಕ್ಷೆಯ ಲ್ಯಾಬಿನ ಮೊದಲ ಸೂಜಿಯೂ ಅವನದೇ. ಚಟ್ಟದ ಸಾಮಾನಿನ ಅಂಗಡಿ ತೆರೆದ ಬಯ್ಯಪ್ಪ ಹೂವು ಹಣ್ಣು ಹಿಡಿದು ಕರೆಯಲು ಬಂದಾಗ ಮಾತ್ರ ಅವನು ಹಿತ್ತಲ ಗೋಡೆ ಹಾರಿದ್ದ. ಬೋಣಿಗೆ ಒಂದು ಕಟ್ಟಳೆಯೂ ಇತ್ತು: ಮೊದಲ ಗಿರಾಕಿ ಬರಿಗೈಯಲ್ಲಿ ಹಿಂದಿರುಗಬಾರದು. ಹಿಂದಿರುಗಿದರೆ ಆಮೇಲೆ ಬರುವವರೂ ಅದೇ ದಾರಿ ಹಿಡಿಯುತ್ತಾರೆ.

ತನುಜ ಗಂಗುಲಮ್ಮನ ಮಗಳು. ಹೊಸದಾಗಿ ಹಲ್ಲಿನ ಡಾಕ್ಟರಾಗಿ, ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಕ್ಲಿನಿಕ್ ಹಾಕಿದ್ದಳು. ಒಂಬತ್ತೂವರೆಗೆ ಕೆಂಪರಾಜು ಹೆಂಡತಿ ಹರಿಣಿಯೊಂದಿಗೆ ಮಹಡಿ ಹತ್ತುವ ಹೊತ್ತಿಗೆ ಅಲ್ಲಿ ಬೀದಿಗೆ ಬೀದಿಯೇ ಸೇರಿತ್ತು. ಮೊದಲ ದಿನ ತಪಾಸಣೆ ಉಚಿತವೆಂದು ಆಟೋದಲ್ಲಿ ಕೂಗಿಸಿದ್ದರು. ಪಕ್ಕದ ಮನೆಯ ಚೆನ್ನರಾಯಪ್ಪ ಮುಂದಿನ ಕುರ್ಚಿಯಲ್ಲೇ ಇದ್ದರು. ಶಿಡ್ಲಘಟ್ಟದಲ್ಲಿ ಅರ್ಧ ಆಯುಷ್ಯ ರೇಷ್ಮೆಗೂಡಿನಿಂದ ನೂಲು ಬಿಚ್ಚಿ ಬಂದ ಮನುಷ್ಯ. ಜಗತ್ತಿನ ಯಾವ ವಿಷಯವನ್ನಾದರೂ ಗೂಡಿಗೆ ಹೋಲಿಸಿದರೆ ಮಾತ್ರ ಅವರಿಗೆ ತೃಪ್ತಿ. ತನುಜಳ ಗುರುಗಳಾದ ದವಡೆಯ ಸರ್ಜನ್ ಡಾಕ್ಟರ್ ಮೋಹನ್‌ಬಾಬು ಚಿಂತಾಮಣಿಯಿಂದ ಬಂದು ದೀಪ ಹಚ್ಚಿದ್ದರು.

"ಮಾವ, ನಿಮ್ ಹಲ್ಲಿಗೆ ಏನೂ ಆಗಿಲ್ಲ ಅಂತ ಗೊತ್ತು," ಎಂದಳು ತನುಜ. "ಸುಮ್ನೆ ಹೊಸ ಮೆಷಿನ್ನಲ್ಲಿ ಇಡೀ ದವಡೆದು ಒಂದು ಎಕ್ಸ್‌ರೇ ತೆಗೀತೀನಿ. ಅದೇ ಬೋಣಿ."

ಕೆಂಪರಾಜು ಮೆಷಿನ್ನಿನಲ್ಲಿ ಗದ್ದವಿಟ್ಟು, ಕಡ್ಡಿ ಕಚ್ಚಿಕೊಂಡು ನಿಂತ. ಮೆಷಿನ್ನಿನ ತೋಳು ಗುಂಯ್ ಎನ್ನುತ್ತಾ ಅವನ ತಲೆಯನ್ನು ಬಳಸಿ ಹೋಯಿತು. ಪ್ರದಕ್ಷಿಣೆಯೆಂದು ತಿಳಿದು ಗಂಗುಲಮ್ಮ ಕೈ ಮುಗಿದಳು.

ಜನ ನೋಡಲೆಂದೇ ಹಾಕಿದ್ದ ದೊಡ್ಡ ಟಿವಿಯಲ್ಲಿ ಕೆಂಪರಾಜುವಿನ ದವಡೆ ಬಿಚ್ಚಿಟ್ಟ ಬೀಸಣಿಗೆಯಂತೆ ಮೂಡಿತು. ಹಲ್ಲುಗಳು ಜೋಳದ ತೆನೆಯ ಹಾಗಿದ್ದವು. ಅವನು ಎದೆ ಉಬ್ಬಿಸಿ ಇಳಿದು ಬಂದ. ತನುಜ ಮಾತ್ರ ನಗಲಿಲ್ಲ. ಕೆಳದವಡೆಯ ಎಡಮೂಲೆಯಲ್ಲಿ ದುಂಡಗೆ ಕಪ್ಪಗೆ ಒಂದು ಗುಳಿ. ಅದರೊಳಗೆ ಒಂದು ಹಲ್ಲು ಅಡ್ಡಡ್ಡ ಮಲಗಿತ್ತು.

"ಗೂಡು!" ಎಂದು ಚೆನ್ನರಾಯಪ್ಪ ಎದ್ದು ನಿಂತರು. "ಏಮಪ್ಪಾ ಕೆಂಪರಾಜು, ಬಾಯೊಳಗೆ ಗೂಡು ಕಟ್ಟಿದೆಯಲ್ಲಪ್ಪ! ಒಳಗಡೆ ಹುಳ ನೋಡು, ಹೆಂಗ್ ಮಲಗಿದೆ!"

"ಹುಳ ಅಲ್ಲ ತಾತ, ಬುದ್ಧಿಹಲ್ಲು," ಎಂದಳು ತನುಜ. "ಮೇಲೆ ಬರದೆ ಮೂಳೆಯಲ್ಲೇ ಉಳ್ಕೊಂಡಿದೆ. ಅದರ ಸುತ್ತ ನೀರು ತುಂಬಿದ ಚೀಲ ಬೆಳೆದಿದೆ. ಸಿಸ್ಟ್ ಅಂತಾರೆ."

"ಇವ್ರಿಗೆ ಬುದ್ಧಿಹಲ್ಲು ಬಂದಿಲ್ಲ ಅಂತ ನಂಗೆ ಮದುವೆ ಆದ ವಾರದಲ್ಲೇ ಗೊತ್ತಾಗಿತ್ತು," ಎಂದಳು ಹರಿಣಿ. ಹಿಂದಿನ ಸಾಲಿನವರೆಗೂ ನಗು ಹೋಗಿ ಬಂತು.

ಮೋಹನ್‌ಬಾಬು ಟಿವಿಯ ಬಳಿ ಹೋಗಿ ಸಾವಧಾನವಾಗಿ ವಿವರಿಸಿದರು. ದವಡೆಯಲ್ಲಿ ಇಂಥ ಚೀಲಗಳು ಹಲವು ಬಗೆ. ಸತ್ತ ಹಲ್ಲಿನ ಬೇರಿನ ತುದಿಯಲ್ಲಿ ಬೆಳೆಯುವುದೊಂದು; ಇವರಿಗೆ ಸತ್ತ ಹಲ್ಲೇ ಇಲ್ಲ. ಹುಟ್ಟದ ಹಲ್ಲಿನ ತಲೆಯನ್ನು ಮುಸುಕಿನಂತೆ ಹೊದ್ದು ಬೆಳೆಯುವುದು ಇನ್ನೊಂದು. ಇದು ಅದೇ ಇರಬೇಕು. ಮತ್ತೊಂದಿದೆ, ಅದು ಹಠಮಾರಿ, ಕೆರೆದು ತೆಗೆದರೂ ಮತ್ತೆ ಬೆಳೆಯುತ್ತದೆ. ಯಾವುದೆಂದು ಅಂದಾಜು ಮಾಡಲು ಸೂಜಿ ಹಾಕಿ ಒಳಗಿನ ನೀರು ನೋಡಬೇಕು, ತೆಗೆದ ಚೀಲವನ್ನು ಲ್ಯಾಬಿಗೆ ಕಳಿಸಿ ಖಚಿತಪಡಿಸಿಕೊಳ್ಳಬೇಕು.

"ಆದ್ರೆ ನಂಗೆ ನೋವೇ ಇಲ್ವಲ್ಲ ಸಾರ್!" ಎಂದ ಕೆಂಪರಾಜು.

"ಇರಲ್ಲ. ಸದ್ದಿಲ್ಲದೆ ಮೂಳೆ ತಿನ್ನುತ್ತೆ."

ಚೆನ್ನರಾಯಪ್ಪನವರಿಗೆ ಇಷ್ಟೆಲ್ಲ ಬೇಕಿರಲಿಲ್ಲ. "ಬಿಸಿನೀರು ಬಾಯಲ್ಲಿ ಹಿಡ್ಕೊಂಡು ಕೂತ್ರೆ ತಾನಾಗೇ ಎಳೆ ಬಿಡುತ್ತೆ. ತಡ ಮಾಡಿದ್ರೆ ಚಿಟ್ಟೆ ಆಗಿ ತೂತು ಕೊರ್ಕೊಂಡು ಹೊರಗೆ ಬರುತ್ತೆ, ಆಮೇಲೆ ಗೂಡು ಯಾವ ಕೆಲಸಕ್ಕೂ ಇಲ್ಲ." ಬಾಗಿಲ ಬಳಿಯಿದ್ದ ಅಜ್ಜಿಯೊಬ್ಬಳು ಹಲ್ಲಿನ ಹುಳ ಉದುರಲು ನೆಲಗುಳ್ಳದ ಬೀಜದ ಹೊಗೆ ಹಾಕಿಸೆಂದಳು. ಇನ್ನೊಬ್ಬರು ಯಾವುದೋ ಮರಕ್ಕೆ ಮೊಳೆ ಹೊಡೆದು ಬಾ ಎಂದರು.

ಕೆಂಪರಾಜುವಿಗೆ ಒಳಗೊಳಗೇ ಒಂದು ಸಮಾಧಾನ ಹುಟ್ಟಿತು. ಮೊದಲ ಎಕ್ಸ್‌ರೇಯಲ್ಲೇ ಕೆಟ್ಟ ಸುದ್ದಿ ಬಂದ ಮೇಲೆ ತನ್ನ ಕೈಗುಣದ ಕತೆ ಇಂದಿಗೆ ಮುಗಿಯಿತು. ಇನ್ನು ಬೋಣಿಗೆ ಹೋಗಿಬಿಡುತ್ತಿದ್ದ ಭಾನುವಾರಗಳೆಲ್ಲ ತನ್ನವೇ.

"ನೋಡಕ್ಕ, ನನ್ ಕೈ ಅಷ್ಟೊಂದು ಒಳ್ಳೇದಲ್ಲ ಅಂತ ಆಯ್ತಲ್ಲ," ಎಂದ.

"ಹುಚ್ಚಪ್ಪ!" ಗಂಗುಲಮ್ಮನ ಮುಖ ಅರಳಿತ್ತು. "ಹಲ್ಲಿನ ಆಸ್ಪತ್ರೆಗೆ ಬೋಣಿನಲ್ಲೇ ಇಷ್ಟು ದೊಡ್ಡ ಕೇಸು ಯಾರಿಗೆ ಸಿಗುತ್ತೆ ಹೇಳು? ಹುಳುಕು ತಂದಿದ್ರೆ ಬರೀ ಹುಳುಕೇ ಬರ್ತಿದ್ವು. ನೀನು ದವಡೇನೇ ತಂದಿದ್ದೀಯ! ನಿನ್ ಬಾಯಿ ತಣ್ಣಗಿರಲಪ್ಪ."

ಮೋಹನ್‌ಬಾಬು ಟಿವಿಯ ಆಚೆ ತುದಿಯನ್ನು ತುಸು ಹೊತ್ತು ದಿಟ್ಟಿಸಿದರು. ಆಮೇಲೆ ಗಂಗುಲಮ್ಮನತ್ತ ತಿರುಗಿ, "ಇವರ ಕೈಗುಣ ನಿಜವಾಗ್ಲೂ ಅಷ್ಟು ಚೆನ್ನಾಗಿದೆಯೇನಮ್ಮಾ?" ಎಂದು ಕೇಳಿದರು.

"ಬೇಕರಿಯವರನ್ನ ಕೇಳಿ ಸಾರ್! ಈಗ ಮೂರು ಬ್ರಾಂಚು."

"ಹೌದಾ," ಎಂದು ಅವರು ಗದ್ದ ಸವರಿಕೊಂಡರು.

"ಮಾವ, ಅವಸರ ಇಲ್ಲ, ಮುಂದಿನ ವಾರ ಬನ್ನಿ," ಎಂದಳು ತನುಜ. ಗಂಗುಲಮ್ಮ ಬಿಡಲಿಲ್ಲ. "ಮೊದಲ್ನೇ ಗಿರಾಕೀನ ವಾಪಸ್ ಕಳಿಸ್ತಾರೇನೇ? ಸರ್ಜನ್ ಸಾರ್ ಇಲ್ಲೇ ಇದ್ದಾರೆ, ಇವತ್ತೇ ಆಗ್ಲಿ!"

ಕೆಂಪರಾಜು ಫೋನನ್ನು ಕಿವಿಗೆ ಒತ್ತಿಕೊಂಡು, "ಹಲೋ, ಹಲೋ, ಪ್ರಿನ್ಸಿಪಾಲರೇ," ಎನ್ನುತ್ತಾ ಮೆಟ್ಟಿಲಿಳಿದ. ಬೀದಿಗೆ ಬಂದ ಮೇಲೆ ನಡಿಗೆ ಓಟವಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಹೊರಡುತ್ತಿದ್ದ ಮಂಚೇನಹಳ್ಳಿ ಬಸ್ಸಿಗೆ ಹಾರಿಕೊಂಡ. ಕಿಟಕಿಯ ಪಕ್ಕ ಕೂತು ಉಸಿರುಬಿಡುವಷ್ಟರಲ್ಲಿ ಕಂಡಕ್ಟರ್ ರಾಮಾಂಜಿನಪ್ಪ ಬಂದು ಟಿಕೆಟ್ ಹರಿಯುವುದನ್ನೂ ಮರೆತು ಮುಖ ನೋಡಿದ.

"ನೀವೇ ಅಲ್ವಾಣ್ಣ, ದವಡೆಯಲ್ಲಿ ಗೂಡು ಕಟ್ಟಿರೋದು?"

"ಯಾರ್ ಹೇಳಿದ್ದು?"

"ಚೆನ್ನರಾಯಪ್ಪನವರ ಸ್ಟೇಟಸ್ಸಲ್ಲಿದೆ." ರಾಮಾಂಜಿನಪ್ಪ ಫೋನು ತೋರಿಸಿದ. ದವಡೆಯ ಚಿತ್ರ, ಅದಕ್ಕೆ ಹಿನ್ನೆಲೆಯಾಗಿ ಓಲಗ. "ಒಂದ್ಸಲ 'ಆ' ಅನ್ನಿ ನೋಡಣ." ಸುತ್ತಲಿನ ನಾಲ್ಕು ಸೀಟಿನವರೂ ಬಗ್ಗಿದರು. ಮಂಚೇನಹಳ್ಳಿ ಬರುವವರೆಗೆ ಕೆಂಪರಾಜು ತುಟಿ ಬಿಚ್ಚಲಿಲ್ಲ.

ಮಂಚೇನಹಳ್ಳಿಯಲ್ಲಿ ಇಳಿದು ಹೋಟೆಲಿನಲ್ಲಿ ಮುದ್ದೆ ಹಿತುಕವರೆ ಸಾರಿಗೆ ಹೇಳಿದ. ಸೊಗಡಿನ ಘಮ ಮೂಗಿಗೆ ಬಿದ್ದು ಧೈರ್ಯ ಮರಳುತ್ತಿತ್ತು. ತುತ್ತು ಸಾರಿನಲ್ಲಿ ಅದ್ದಿದಾಗ ತನುಜಳ ಫೋನು.

"ಮಾವ, ಬಲವಂತ ಮಾಡೋಕೆ ಫೋನ್ ಮಾಡಿಲ್ಲ. ಎಲ್ಲೇ ಆಗ್ಲಿ, ಯಾರ ಹತ್ರ ಆಗ್ಲಿ, ಅದನ್ನ ತೆಗಿಸ್ಕೊಳ್ಳಿ. ಮೂಳೆ ತೆಳ್ಳಗಾಗ್ತಿದೆ. ಹೀಗೇ ಬಿಟ್ರೆ ಯಾವತ್ತೋ ಒಂದಿನ ಕಬ್ಬು ಕಚ್ಚಿದಾಗ ಕಬ್ಬಿನ ಬದಲು ದವಡೆ ಲಟಕ್ ಅನ್ನುತ್ತೆ."

ಕೆಂಪರಾಜು ತುತ್ತನ್ನು ತಟ್ಟೆಗಿಟ್ಟ. "ಅಲ್ಲಿ ಹೆಂಗಮ್ಮ? ಜನ ಬರ್ತಾವ್ರಾ?"

"ಜನ ಇದ್ದಾರೆ ಮಾವ. ಮೆಟ್ಟಿಲ ಮೇಲೆ, ಬೀದಿಲಿ. ಒಳಗೆ ಮಾತ್ರ ಯಾರೂ ಬರ್ತಿಲ್ಲ. ಬೋಣಿ ಅರ್ಧಕ್ಕೆ ನಿಂತಿದೆಯಂತೆ. ನೀವೇ ಓಡಿಹೋದ ಜಾಗಕ್ಕೆ ನಾವ್ ಹೆಂಗೆ ಹೋಗೋದು ಅಂತಾರೆ. ಇರ್ಲಿ ಬಿಡಿ. ನಾನು ಓದಿದ್ದು ಬೋಣಿ ನಂಬ್ಕೊಂಡಲ್ಲ."

ಅಷ್ಟು ಹೇಳಿ ಅವಳು ಫೋನು ಇಟ್ಟುಬಿಟ್ಟಳು. ಕೂಸಾಗಿದ್ದಾಗ ಮೊದಲು ಹುಟ್ಟಿದ ಹಲ್ಲಿನಿಂದ ಇವನ ಬೆರಳನ್ನೇ ಕಚ್ಚಿದವಳು ಅವಳು. ಕೆಂಪರಾಜು ಕೈ ತೊಳೆದುಕೊಂಡ. ಗೌರಿಬಿದನೂರಿಗೆ ವಾಪಸ್ಸು ಹೊರಟದ್ದೂ ಅದೇ ರಾಮಾಂಜಿನಪ್ಪನ ಬಸ್ಸು.

ಅವನು ಬೀದಿಯ ತುದಿಯಲ್ಲಿ ಕಾಣಿಸಿಕೊಂಡಾಗ ಜನ ಇಬ್ಭಾಗವಾಗಿ ದಾರಿ ಬಿಟ್ಟರು. ಯಾರೋ ಶಿಳ್ಳೆ ಹೊಡೆದರು. ಪಕ್ಕದ ಲ್ಯಾಬಿನವನು ಹಳೆಯ ಬೋಣಿಯ ಋಣ ನೆನೆದು ಓಡಿ ಬಂದು ರಕ್ತ ತೆಗೆದುಕೊಂಡು ಹೋದ. ಸಕ್ಕರೆ ಸರಿಯಿತ್ತು. ಬಿಪಿ ಮಾತ್ರ ಹೆದರಿಕೆಗೆ ಗಾಳಿಪಟದಂತೆ ಏರಿತ್ತು. ಅದು ಇಳಿಯುವವರೆಗೆ ಎಲ್ಲರೂ ಕಾದರು.

ಮರಗಟ್ಟಿಸುವ ಮದ್ದು ಕೊಟ್ಟು ಮೋಹನ್‌ಬಾಬು ಸೂಜಿ ಹಾಕಿದರು. ಹುರುಳಿ ಬೇಯಿಸಿದ ನೀರಿನ ತಿಳಿಯಂಥ ದ್ರವ ಬಂತು. "ತಿಳಿಯಾಗಿದೆ. ಹಠಮಾರಿ ಇದ್ದಂಗಿಲ್ಲ, ಸಾಧು ಜಾತಿ," ಎಂದರು. ಬಾಗಿಲ ಸಂದಿಯಿಂದ ಕೇಳಿಸಿಕೊಂಡ ಚೆನ್ನರಾಯಪ್ಪ ಮೆಟ್ಟಿಲಿನವರಿಗೆ ದಾಟಿಸಿದರು, ಮೆಟ್ಟಿಲಿನವರು ಬೀದಿಗೆ ದಾಟಿಸಿದರು. ಬೀದಿ ಚಪ್ಪಾಳೆ ತಟ್ಟಿತು.

"ತುಂಬಾ ದೊಡ್ಡದಿದ್ರೆ ಮೊದಲು ಒಂದು ಕಿಂಡಿ ತೆಗೆದು, ನೀರು ಬಸಿಯೋಕೆ ಬಿಟ್ಟು, ಚೀಲ ಕುಗ್ಗಿದ ಮೇಲೆ ತೆಗೀಬೇಕಾಗಿತ್ತು," ಎಂದರು ಮೋಹನ್‌ಬಾಬು, ಕೆಲಸ ಮಾಡುತ್ತಲೇ. "ಇದನ್ನ ಇಡಿಯಾಗೇ ಬಿಡಿಸಬಹುದು. ಹಿತುಕವರೆ ಹಿತುಕ್ತೀರಲ್ಲ, ಹಾಗೇ. ಅಲ್ಲಿ ಸಿಪ್ಪೆ ಬಿಟ್ಟು ಕಾಳು ತಗೋತೀರಿ. ಇಲ್ಲಿ ಕಾಳಿನ ಜೊತೆ ಸಿಪ್ಪೇನೂ ಪೂರ್ತಿ ಬರಬೇಕು. ಚೂರು ಉಳಿದ್ರೂ ಮತ್ತೆ ಮೊಳೆಯುತ್ತೆ."

ತಾನು ತಿನ್ನದೆ ಬಿಟ್ಟು ಬಂದ ಸಾರು ನೆನಪಾಗಿ ಕೆಂಪರಾಜುವಿನ ಕಣ್ಣಲ್ಲಿ ನೀರಾಡಿತು. ನೋವೆಂದು ತಿಳಿದು ತನುಜ ಕೈ ಹಿಡಿದುಕೊಂಡಳು.

ಸಂಜೆಯ ಹೊತ್ತಿಗೆ ಹಲ್ಲೂ ಚೀಲವೂ ಬಾಟಲಿಯೊಳಗಿದ್ದವು. ಕೆಂಪರಾಜು ಎಡಕೆನ್ನೆಗೆ ಐಸು ಒತ್ತಿಕೊಂಡು ಹೊರಗಿನ ಕುರ್ಚಿಯಲ್ಲಿದ್ದ. ಹೊಲಿಗೆಯ ಮೇಲೆ ಬಟ್ಟೆಯ ಉಂಡೆ. ಒಂದು ಗಂಟೆ ಬಿಗಿಯಾಗಿ ಕಚ್ಚಿಕೊಂಡಿರಬೇಕು, ಬಾಯಿ ತೆರೆಯುವಂತಿಲ್ಲ. "ಒಂದು ಗಂಟೇನಾ? ಇನ್ನೂ ಸ್ವಲ್ಪ ಜಾಸ್ತಿ ಆಗಲ್ವಾ ಡಾಕ್ಟ್ರೇ?" ಎಂದು ಹರಿಣಿ ವಿಚಾರಿಸಿದ್ದಳು. ಒಂದು ವಾರ ಏನನ್ನೂ ಅಗಿಯಬಾರದೆಂದು ತನುಜ ಹೇಳಿದಾಗ ಕೆಂಪರಾಜುವಿನ ಮುಖ ಮೊದಲ ಬಾರಿಗೆ ಬೆಳಗಿತು. ಮುದ್ದೆಯನ್ನು ಅಗಿಯುವವರು ಯಾರು? ಆರಿದ ಮುದ್ದೆ ನುಂಗಿ, ಸಾರಿನ ತಿಳಿ ಕುಡಿದರೆ ಹಬ್ಬವೇ ಹಬ್ಬ.

ಇತ್ತ ಕ್ಲಿನಿಕ್ ತುಂಬಿ ತುಳುಕುತ್ತಿತ್ತು. ಬೋಣಿ ಪೂರ್ತಿಯಾದದ್ದೇ ತಡ, ಮಂದಿಯೆಲ್ಲ ಒಮ್ಮೆಗೇ ಬಾಯಿ ತೆರೆದು ನುಗ್ಗಿದ್ದರು. ಚೆನ್ನರಾಯಪ್ಪ ತಮ್ಮ ಕಟ್ಟಿಸಿದ ಹಲ್ಲುಗಳನ್ನೇ ಕೈಯಲ್ಲಿ ಹಿಡಿದು, ಇವಕ್ಕೂ ಎಕ್ಸ್‌ರೇ ಆಗಬೇಕೆಂದು ಸಾಲಿನಲ್ಲಿ ನಿಂತಿದ್ದರು. ತನುಜ ಬೆವರೊರೆಸಿಕೊಳ್ಳುತ್ತಾ, ಮಾವನ ಕಡೆ ನೋಡಿ ನಗುತ್ತಾ ಒಬ್ಬೊಬ್ಬರನ್ನೇ ಕೂರಿಸುತ್ತಿದ್ದಳು. ಅದನ್ನು ಕಂಡು ಕೆಂಪರಾಜುವಿಗೆ ದವಡೆ ಹೋದರೂ ಚಿಂತೆಯಿಲ್ಲ ಎನ್ನಿಸಿತು.

ಆಗ ಮೋಹನ್‌ಬಾಬು ಕೈ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕೂತರು.

"ಕಣ್ಣಾರೆ ನೋಡಿದೆ ಕೆಂಪರಾಜು ಅವರೇ. ಯುಗಾದಿಗೆ ಚಿಂತಾಮಣಿಯಲ್ಲಿ ನನ್ನದೇ ಆಸ್ಪತ್ರೆ ಶುರು. ಬೋಣಿಗೆ ನೀವೇ ಬರಬೇಕು."

"ಮ್ಮ್! ಮ್ಮ್ ಮ್ಮ್!" ಎಂದು ಕೆಂಪರಾಜು ಕೈ ಕಾಲು ಆಡಿಸಿದ.

"ಒಪ್ಕೊಂಡ ಸಾರ್, ಎಷ್ಟು ಖುಷಿ ನೋಡಿ ಅವನಿಗೆ," ಎಂದಳು ಗಂಗುಲಮ್ಮ.

ಕೆಂಪರಾಜು ತನ್ನ ಬಾಯಿಯತ್ತ ಬೆರಳು ತೋರಿಸಿ, ಇನ್ನು ಇದರೊಳಗೆ ತೆಗೆಯಲು ಏನೂ ಉಳಿದಿಲ್ಲವೆಂದು ಅಂಗೈ ಬಿಚ್ಚಿ ತೋರಿಸಿದ.

"ಅದರ ಯೋಚನೆ ನಿಮಗೆ ಬೇಡ," ಮೋಹನ್‌ಬಾಬು ಅಕ್ಕರೆಯಿಂದ ಅವನ ಬೆನ್ನು ತಟ್ಟಿದರು. "ಬಲಗಡೆ ಮೂಲೇಲೂ ಒಂದು ಮಲಗಿದೆ. ಬೆಳಗ್ಗೆಯೇ ನೋಡಿದೆ. ತನುಜಂಗೂ ತೋರಿಸಿದ್ದೀನಿ. ಎರಡೂ ಕಡೆ ಒಂದೇ ದಿನ ಕೊಯ್ದರೆ ನಿಮಗೆ ಕಷ್ಟ. ಚಿಕ್ಕದು, ಯುಗಾದಿವರೆಗೆ ಏನೂ ಆಗಲ್ಲ. ಅದು ನನ್ನ ಬೋಣಿಗೆ ಇರಲಿ."

ಅವರು ಟಿವಿಯಲ್ಲಿ ಬೆಳಗಿನ ದವಡೆಯನ್ನು ಮತ್ತೆ ತರಿಸಿದರು. ಬಲಮೂಲೆಯಲ್ಲಿ ದುಂಡನೆಯ ಕಪ್ಪು ಗುಳಿಯೊಂದು, ಅದರೊಳಗೆ ನೆಮ್ಮದಿಯಾಗಿ ಮಲಗಿದ ಹಲ್ಲು. ಅದರ ಮೇಲೆ ಅಳತೆಯ ಗೆರೆಯೊಂದು ಈ ಅಂಚಿನಿಂದ ಆ ಅಂಚಿಗೆ ಹರಿದು ನಿಂತಿತು. ಪಕ್ಕದಲ್ಲಿ ಸಂಖ್ಯೆ ಮೂಡಿತು: 12 ಮಿಲಿಮೀಟರ್, ಒಂದು ಅವರೆಕಾಳಿನಷ್ಟು.