ಅಕ್ಕನ ವ್ಯಾನಿಗೆ ಎಳೆದ ಗಾಳಿ ಪೈಪು

ಹಿರಿಯೂರಿನಾಗೆ ನಂದೊಂದು ಗ್ಯಾರೇಜು. ಗಾಡಿ ಕುಲುಕಾಟ ಕಮ್ಮಿ ಆಗ್ಲಿ ಅಂತ ಹಿಂದಿನ ಸ್ಪ್ರಿಂಗಿಗೆ ರಬ್ಬರಿನ ಗಾಳಿಚೀಲ ಕೂರಿಸ್ತೀನಿ. ಊರೋರ ಗಾಡೀಲಿ ಎಲ್ಲಾ ಸರಿಯಾಗ್ತೈತೆ. ಮನೆಯೋರ ಗಾಡಿಗೆ ಕೈ ಹಾಕಿದ್ರೆ ಮಾತ್ರ ಏನಾದ್ರೂ ಎಡವಟ್ಟು ಗ್ಯಾರಂಟಿ. ಅದರಲ್ಲೂ ನಮ್ಮಕ್ಕನ ವ್ಯಾನು. ಅಕ್ಕ ತೀರಿಕೊಂಡು ವರ್ಷ ಆಯ್ತು. ನೆನೆಸ್ಕಂಡ್ರೆ ನಗುನೂ ಬರ್ತೈತೆ, ಅಳುನೂ ಬರ್ತೈತೆ.

೧. ವ್ಯಾನಿನ ಸ್ನಾನ

ಅಕ್ಕನ್ನ ಕೊಟ್ಟಿದ್ದು ರಾಮಗಿರಿಗೆ. ಭಾವಂದು ಕುರಿ ಸಾಕಣೆ. ಅಕ್ಕನ ಬೆನ್ನುಮೂಳೆಗೆ ಕೆಟ್ಟ ಕಾಯಿಲೆ ಬಂತು. ವಾರಕ್ಕೊಂದ್ಸಲ ಚಿತ್ರದುರ್ಗದ ಆಸ್ಪತ್ರೆಗೆ ಹೋಗ್ಬೇಕಿತ್ತು. ಒಂದೊಂದು ಗುಂಡಿಗೂ "ಅಯ್ಯಯ್ಯೋ" ಅಂತ ಚೀರೋಳು. ಕೇಳಾಕಾಗ್ದೆ ಗಾಳಿಚೀಲ ಹಾಕ್ದೆ.

ಗಾಳಿ ಸೋರ್ತೈತಾ ನೋಡಾಕೆ ಪೈಪಿನ ಜಾಯಿಂಟಿಗೆಲ್ಲ ಸೋಪಿನ ನೀರು ಹಚ್ತಿದ್ದೆ. ಕುರ್ಚೀಲಿ ಕುಂತಿದ್ದ ಅಕ್ಕ ಭಾವನಿಗೆ ಹೇಳಿದ್ಳು, "ಚಿಕ್ಕೋನಿದ್ದಾಗ ಸ್ನಾನ ಅಂದ್ರೆ ಊರಾಚೆ ಓಡೋನು. ಹಿಡ್ಕಂಡು ಬಂದು ತಿಕ್ಕಿ ತಿಕ್ಕಿ ನನ್ ಕೈ ಸವೀತು. ಈಗ ನೋಡ್ರಿ, ವ್ಯಾನಿಗೆ ಸೋಪು ಹಚ್ತಾವ್ನೆ!"

೨. ಮಧ್ಯದ ಕಂಬಳಿ

ಎರಡೂ ಚೀಲಕ್ಕೆ ಒಂದೇ ಪೈಪು ಎಳೆದು ನಡುವೆ ಮೂರು ಬಾಯಿನ ಟೀ ಜಾಯಿಂಟು ಹಾಕಿದ್ದೆ. ಅದೇ ನನ್ನ ತಪ್ಪು. ತಿರುವಿನಾಗೆ ಭಾರ ಬಿದ್ದ ಕಡೆ ಗಾಳಿ ಇನ್ನೊಂದು ಚೀಲಕ್ಕೆ ಓಡಿಹೋಗ್ತೈತೆ, ಗಾಡಿ ವಾಲ್ತೈತೆ.

ಓಡಿಸ್ತಿದ್ದೋನು ನಾನು. ಹಿಂದಿನ ಸೀಟಿನಾಗೆ ಎಡಕ್ಕೆ ಅಕ್ಕ, ಬಲಕ್ಕೆ ಭಾವ. ಭಾವ ಮಹಾ ಸಂಕೋಚದ ಮನುಷ್ಯ. ಭಾಮೈದನ ಎದುರಿಗೆ ಹೆಂಡ್ತಿ ಪಕ್ಕ ಒತ್ತಿ ಕುಂತ್ರೆ ಮರ್ಯಾದೆ ಏನಾದೀತು ಅಂತ ಮಧ್ಯ ಕಂಬಳಿ ಮಡಚಿ ಇಟ್ಟಿದ್ದ. ಹೊಳಲ್ಕೆರೆ ಹತ್ರ ಎಡಕ್ಕೆ ತಿರುಗಿಸಿದ್ನೋ ಇಲ್ವೋ, ಅಕ್ಕ ಕಂಬಳಿ ಸಮೇತ ಭಾವನ ಎದೆ ಮೇಲೆ!

"ಏಳೇ, ಏಳೇ, ನಿನ್ ತಮ್ಮ ಕನ್ನಡೀಲಿ ನೋಡ್ತಾವ್ನೆ."

"ಧಾರೆ ಎರೆದಾಗ ಕೈ ಹಿಡ್ದಿದ್ದೇ ಕೊನೆ. ನೋಡ್ಲಿ ಬಿಡ್ರಿ."

೩. ರಿಪೇರಿ

ನಂಗೆ ಹೆದ್ರಿಕೆ ಆಯ್ತು. ಮುಂದಿನ ವಾರ ಎರಡೂ ಚೀಲಕ್ಕೆ ಬೇರೆ ಬೇರೆ ಪೈಪು ಎಳೆದೆ. ಗಾಡಿ ನೆಟ್ಟಗೆ ಹೋಯ್ತು. ಅಕ್ಕ ಮಾತ್ರ ದಾರಿಯುದ್ದಕ್ಕೂ ಮುಖ ಊದಿಸ್ಕಂಡಿದ್ಳು.

"ನೋವೇನಕ್ಕ?"

"ಇಲ್ಲ. ಮೊದ್ಲು ಹೆಂಗಿತ್ತೋ ಹಂಗೇ ಮಾಡು."

"ಅದು ತಪ್ಪು ಕೆಲ್ಸ ಅಕ್ಕ, ಗಾಡಿ ವಾಲ್ತೈತೆ."

"ನಿನ್ ವಿದ್ಯೆ ಊರೋರಿಗೆ ತೋರ್ಸು. ನಂಗೆ ವಾಲೋ ಗಾಡಿನೇ ಬೇಕು."

ಭಾವ ನನ್ ಮುಖ ನೋಡ್ಲಿಲ್ಲ. ಕಿಟಕಿಗೆ ಹೇಳಿದ, "ನಿಮ್ಮಕ್ಕ ಹೇಳಿದಂಗೆ ಮಾಡಪ್ಪ."

೪. ನೆಟ್ಟಗಿನ ರಸ್ತೆ

ಕೊನೇ ಸಲ ಹೋದಾಗ ಡಾಕ್ಟ್ರು, "ಇನ್ನು ಮನೆಗೆ ಕರ್ಕಂಡು ಹೋಗ್ರಿ" ಅಂದ್ರು. ಮೂರೂ ಜನಕ್ಕೂ ತಿಳೀತು. ಚಿತ್ರದುರ್ಗ ಬಿಟ್ವಿ. ನನ್ ಕಣ್ಣು ತುಂಬಿ ತುಂಬಿ ಬರ್ತಿತ್ತು. ಅಕ್ಕ ಹೇಳಿದಂಗೆ ಮತ್ತೆ ಒಂದೇ ಪೈಪು ಎಳೆದಿದ್ದ ಗಾಡಿ, ಮೆಲ್ಲಗೆ ಬಿಡ್ತಿದ್ದೆ. ಮುಂದೆ ಖಾಲಿ ರಸ್ತೆ, ಗೆರೆ ಎಳೆದಂಗೆ ನೆಟ್ಟಗೆ.

ಭಾವ ಎರಡು ಸಲ ಕೆಮ್ಮಿದ. ನಾಲ್ಕು ಜನರ ಮುಂದೆ ಹೆಂಡ್ತಿನ ಹೆಸರು ಹಿಡಿದೂ ಕರೀದ ಮನುಷ್ಯ, ಮುಂದಕ್ಕೆ ಬಗ್ಗಿ ನನ್ ಹೆಗಲು ಮುಟ್ಟಿದ.

"ಲೇ... ತಿರುವಿಲ್ದಿದ್ರೂ ಪರ್ವಾಗಿಲ್ಲ, ಒಂಚೂರು ಎಡಕ್ಕೆ ತಿರುಗ್ಸೋ."