ಹೀರೋಗೆ ಟವೆಲು ಹೊದಿಸಿದ್ದು

ನನ್ನಂಥ ಪುಕ್ಕಲನ ಬದುಕಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಯಾವುದಕ್ಕೆ ಹೆದರಿ ಓಡುತ್ತೀನೋ, ಕೊನೆಗೆ ಅದರ ಬಾಗಿಲಲ್ಲೇ ಹೋಗಿ ನಿಂತಿರುತ್ತೀನಿ. ನಂಜನಗೂಡಿನಲ್ಲಿ ಆಟೋ ಓಡಿಸೋ ನಾನು ಒಬ್ಬ ಸಿನಿಮಾ ಹೀರೋನ ಕಟ್ಟಾ ಅಭಿಮಾನಿ ಆದದ್ದೂ ಹೀಗೇ. ಹೀರೋ ಹೆಸರು ಮಾತ್ರ ಕೇಳಬೇಡಿ.

ಪೇಂಟರ್

ಹುಲ್ಲಹಳ್ಳಿಯವನೊಬ್ಬನಿಂದ ಸೆಕೆಂಡ್ ಹ್ಯಾಂಡ್ ಆಟೋ ಕೊಂಡೆ. ಎಂಜಿನ್ ನೋಡಿದೆ, ಟೈರ್ ನೋಡಿದೆ. ಹಿಂಭಾಗದ ತುಂಬ ಬರೆಸಿದ್ದ ಹೀರೋ ಮುಖದ ಬಗ್ಗೆ ಮಾತ್ರ ಯೋಚನೆ ಮಾಡಲಿಲ್ಲ. ಕೈಯಲ್ಲಿ ಮಚ್ಚು, ಕಣ್ಣಲ್ಲಿ ಕೆಂಡ. ನಾನೋ ಫೈಟಿನ ಸದ್ದಿಗೇ ಕಿವಿ ಮುಚ್ಚಿಕೊಳ್ಳೋನು. ಅವನ ಒಂದು ಪಿಕ್ಚರನ್ನೂ ನೋಡಿಲ್ಲ. ಈ ಮುಖ ಹೊತ್ತು ಬೇರೆ ಹೀರೋ ಅಭಿಮಾನಿಗಳ ಬೀದಿಗೆ ಹೋದರೆ ಗತಿ ಏನು? ಅಳಿಸಿಕೊಡು ಅಂತ ಪೇಂಟರ್ ಹತ್ತಿರ ಹೋದೆ. ಅವನು ಸುತ್ತಮುತ್ತ ನೋಡಿ ಬ್ರಷ್ ಕೆಳಗಿಟ್ಟ.

“ಅಣ್ಣನ್ ಮುಖಕ್ಕೆ ನಾನ್ ಬಣ್ಣ ಬಳೀನಾ? ಬ್ರಷ್ ಕೊಡ್ತೀನಿ, ನೀವೇ ಬಳ್ಕೊಳಿ ಸಾ. ಅಷ್ಟೊತ್ಗೆ ನಾನ್ ಊರ್ ಬಿಟ್ಟಿರ್ತೀನಿ.”

ಟವೆಲು

ಬೇರೆ ದಾರಿ ಕಾಣದೆ ಒಣಹಾಕಿದ ಹಾಗೆ ಆಟೋ ಹಿಂದೆ ಒಂದು ಒದ್ದೆ ಟವೆಲು ಇಳಿಬಿಟ್ಟು ಹೀರೋ ಮುಖ ಮುಚ್ಚಿದೆ. ಅಷ್ಟರಲ್ಲಿ ಆ ಹೀರೋನ ಅಭಿಮಾನಿ ಸಂಘದ ಅಧ್ಯಕ್ಷ ಆಟೋ ಸ್ಟ್ಯಾಂಡಿಗೆ ಬಂದ. ಅವನೂ ಆಟೋದವನೇ, ಅವನ ಆಟೋ ಮೇಲೆ ಅದೇ ಮುಖ, ಇನ್ನೂ ದೊಡ್ಡದಾಗಿ. ಟವೆಲು ಎತ್ತಿ ನೋಡಿದ.

“ಯಾವನ್ಲಾ ಅಣ್ಣನ್ ಮುಖ ಮುಚ್ಚಿದ್ದು?”

ಅವನ ಕಡೆಯವರು ಸುತ್ತುವರಿದರು. ಇವತ್ತಿಗೆ ನನ್ನ ಕಥೆ ಮುಗೀತು ಅಂದುಕೊಂಡೆ. ಬಾಯಿಗೆ ಬಂದದ್ದು ಒಂದೇ ಮಾತು.

“ಬಿಸ್ಲು ಕಣಣ್ಣ... ಅಣ್ಣಂಗೆ ಸುಡ್ತದಲ್ಲ ಅಂತ...”

ಅಧ್ಯಕ್ಷನ ಕಣ್ಣು ತುಂಬಿತು. ನನ್ನನ್ನು ತಬ್ಬಿಕೊಂಡ. ಸಂಜೆಗೆ ನಾನು ಸಂಘದ ಉಪಾಧ್ಯಕ್ಷ. ಬೇರೆ ಹೀರೋಗಳ ಅಭಿಮಾನಿಗಳು ಬಿಡುತ್ತಾರೆಯೇ? ಮಾರನೇ ದಿನ ಸ್ಟ್ಯಾಂಡಿನಲ್ಲಿದ್ದ ಅಷ್ಟೂ ಹೀರೋಗಳು ಟವೆಲು ಹೊದ್ದು ನಿಂತಿದ್ದರು.

ಸಾಕ್ಷ್ಯಚಿತ್ರ

ಈ ಟವೆಲಿನ ಸುದ್ದಿ ಮೈಸೂರಿಗೆ ಮುಟ್ಟಿತು. ಹುಚ್ಚು ಅಭಿಮಾನಿಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದ ಮೇಡಂ ಒಬ್ಬರು ಕ್ಯಾಮೆರಾ ಹಿಡಿದು ಬಂದೇಬಿಟ್ಟರು. ಹಿಂದೆ ಎರಡು ನದಿ ಕೂಡೋದು ಕಾಣಬೇಕು ಅಂತ ನಮ್ಮನ್ನು ತಿ. ನರಸೀಪುರದ ಸಂಗಮದ ದಂಡೆಯಲ್ಲಿ ಕೂರಿಸಿದರು. ಬೆನ್ನ ಹಿಂದೆ ಇಡೀ ಸಂಘ.

“ನಿಮ್ಮ ಹೀರೋನದು ನೀವು ನೋಡಿದ ಮೊದಲ ಪಿಕ್ಚರ್ ಯಾವುದು?” ಅಂತ ಅಧ್ಯಕ್ಷನನ್ನು ಕೇಳಿದರು.

“ನಮ್ ಉಪಾಧ್ಯಕ್ಷ ಮಾತಾಡ್ತಾನೆ ಮೇಡಂ,” ಅಂತ ಅವನು ನನ್ನನ್ನು ಮುಂದಕ್ಕೆ ನೂಕಿದ.

ಹಿಂದೆ ಸಂಘ, ಮುಂದೆ ಕ್ಯಾಮೆರಾ. ಗೊತ್ತಿಲ್ಲ ಅಂದರೆ ಹೊಳೆಗೇ ಎಸೆಯುತ್ತಾರೆ ಅನ್ನಿಸಿ ಅಳು ಕಿತ್ತುಕೊಂಡು ಬಂತು. ಬಿಕ್ಕಿ ಬಿಕ್ಕಿ ಅತ್ತೆ. ಭಕ್ತಿ ಉಕ್ಕಿತು ಅಂತ ಮೇಡಂ ಕೂಡ ಕಣ್ಣೊರೆಸಿಕೊಂಡರು.

“ಹೋಗಲಿ ಬಿಡಿ. ನಿಮ್ಮಂಥ ಅಭಿಮಾನಿಗಳನ್ನು ಸಮಾಜ ಹೇಗೆ ನೋಡುತ್ತೆ?”

“ಭಯದಿಂದ ಮೇಡಂ!”

ಅಷ್ಟು ಹೊತ್ತಿನಲ್ಲಿ ನಾನಾಡಿದ ನಿಜ ಅದೊಂದೇ. ಅದಕ್ಕೇ ಜಾಸ್ತಿ ಶಿಳ್ಳೆ ಬಿತ್ತು.

ಅಧ್ಯಕ್ಷ ಮನೆಗೆ ಬಂದದ್ದು

ಎರಡು ವಾರ ಬಿಟ್ಟು ಮೇಡಂ ಫೋನ್ ಮಾಡಿದರು. ಭಾನುವಾರ ಮತ್ತೆ ಬರುತ್ತಾರಂತೆ. ಅಧ್ಯಕ್ಷ, ಉಪಾಧ್ಯಕ್ಷ ಇಬ್ಬರೂ ಹೀರೋನ ಒಂದೊಂದು ಪಿಕ್ಚರ್ ಕಥೆ ಪೂರ್ತಿ ಹೇಳಬೇಕಂತೆ. ನಾನು ಬದನವಾಳಿನ ಮಾವನ ಮನೆಗೆ ಓಡಿಹೋಗೋಣ ಅಂತ ಬ್ಯಾಗಿಗೆ ಬಟ್ಟೆ ತುಂಬಿದೆ. “ಹೋಗಿ ಆ ಪಿಕ್ಚರನ್ನೇ ನೋಡಬಾರ್ದಾ?” ಅಂದಳು ಹೆಂಡತಿ. ಥಿಯೇಟರಿಗೆ ಹೋದರೆ ಯಾರಾದರೂ ನೋಡಿ, ಉಪಾಧ್ಯಕ್ಷ ಈಗ ಮೊದಲ ಸಲ ನೋಡ್ತಾವ್ನೆ ಅಂದರೆ?

ಬ್ಯಾಗು ಹೆಗಲಿಗೆ ಹಾಕುವಾಗ ಹೊರಗೆ ಆಟೋ ಸದ್ದಾಯಿತು. ಅಧ್ಯಕ್ಷ! ಒಳಗೆ ಬಂದವನೇ ಬಾಗಿಲ ಚಿಲಕ ಹಾಕಿದ. ನಾನು ಬ್ಯಾಗನ್ನು ಎದೆಗೆ ಅಡ್ಡ ಹಿಡಿದೆ. ಇವನಿಗೆ ಎಲ್ಲ ಗೊತ್ತಾಗಿಹೋಗಿದೆ ಅಂದುಕೊಂಡೆ. ಹೆಂಡತಿ ಅಡುಗೆಮನೆಯಿಂದ ಲಟ್ಟಣಿಗೆ ಹಿಡಿದು ಇಣುಕಿದಳು. ಅವನು ಗೋಡೆಗೊರಗಿ ಕುಸಿದು ಕೂತು ಬೆವರೊರೆಸಿಕೊಂಡ.

“ಲೇ, ಅಣ್ಣನ್ ಪಿಚ್ಚರ್ ಕತೆ ಎಲ್ಲಾ ನಿಂಗೆ ಬಾಯ್‌ಪಾಠ ಅಲ್ವಾ? ಭಾನ್ವಾರ್ದೊಳ್ಗೆ ಒಂದೇ ಒಂದ್ ಕತೆ ನಂಗೂ ಏಳ್ಕೊಡ್ಲಾ. ನಿನ್ ಕಾಲ್ ಇಡ್ಕತೀನಿ.”

“ಯಾಕಣ್ಣ, ನೀನು ನೋಡಿಲ್ವಾ?”

ಅವನು ಕಿಟಕಿ ಕಡೆ ಒಮ್ಮೆ ನೋಡಿ ನನ್ನ ಕಿವಿ ಹತ್ತಿರ ಬಗ್ಗಿದ.

“ಮೆಲ್ಲುಕ್ ಮಾತಾಡ್ಲಾ! ನನ್ ಆಟೋ ಸೆಕೆಂಡ್ ಹ್ಯಾಂಡು ಕಣ್ಲಾ!”